ಒಂದು ದಿನವೂ ತಡ ಮಾಡದೆ ಕಟ್ಟಿದೆ, ಸಾಲ ಮಾತ್ರ ತೀರಲಿಲ್ಲ: ನಮ್ಮ ಮನೆಯದೇ ಒಂದು ಪ್ರಕರಣ

ಮೂರು ಕ್ರೆಡಿಟ್ ಕಾರ್ಡು. ಮೂರೂ ಸೇರಿ ಮೂರೂಮುಕ್ಕಾಲು ತಿಂಗಳ ಸಂಬಳದಷ್ಟು ಸಾಲ. ತೀರಿಸಲು ಹಿಡಿದದ್ದು 17 ತಿಂಗಳು. ಇಷ್ಟೇ ಕಥೆ ಅಂದರೆ ಇಷ್ಟೇ. ಆದರೆ ಆ 17 ತಿಂಗಳಿಗೆ ಮುಂಚೆ ಒಂದು ಸಲ ತೀರಿಸಲು ಹೋಗಿ ಮುಗ್ಗರಿಸಿದ್ದೆ. ಎರಡನೇ ಸಲ ಯಾಕೆ ಆಯಿತು, ಮೊದಲನೇ ಸಲ ಯಾಕೆ ಆಗಲಿಲ್ಲ ಅನ್ನುವುದನ್ನು ಲೆಕ್ಕದ ಸಮೇತ ಬರೆದಿಡೋಣ ಅನ್ನಿಸಿತು.

ದುಡ್ಡಿನ ಮೊತ್ತ ಹೇಳುವುದಿಲ್ಲ. ನಾಚಿಕೆಗಲ್ಲ, ಅದರಿಂದ ಉಪಯೋಗವಿಲ್ಲ ಅಂತ. ಒಬ್ಬರಿಗೆ ದೊಡ್ಡದು ಅನ್ನಿಸುವ ಮೊತ್ತ ಇನ್ನೊಬ್ಬರಿಗೆ ಜುಜುಬಿ. ಹಾಗಾಗಿ ನನ್ನ ತಿಂಗಳ ಸಂಬಳವನ್ನು 100 ಎಂದುಕೊಳ್ಳಿ. ಮುಂದೆ ಬರುವ ಎಲ್ಲಾ ಸಂಖ್ಯೆಗಳೂ ಅದೇ ಅಳತೆಯವು. 20 ಅಂದರೆ ಸಂಬಳದ ಐದನೇ ಒಂದು ಭಾಗ, 375 ಅಂದರೆ ಮೂರೂಮುಕ್ಕಾಲು ಸಂಬಳ.

ಒಳ್ಳೆಯ ಗ್ರಾಹಕ

ಮೊದಲ ಕಾರ್ಡು ಕೈಗೆ ಬಂದಾಗಿನಿಂದ ನಾನು ಒಂದೇ ಒಂದು ಸಲವೂ ಡ್ಯೂ ಡೇಟ್ ದಾಟಿಸಿದವನಲ್ಲ. ಫೋನಿನಲ್ಲಿ ಮೂರು ಅಲಾರಂ ಇಟ್ಟಿದ್ದೆ, ಮೂರು ಕಾರ್ಡಿಗೆ ಮೂರು. ಸಂಬಳ ಬಂದ ದಿನವೇ ಕೂತು ಮೂರಕ್ಕೂ ಮಿನಿಮಮ್ (ಆ ತಿಂಗಳು ಕನಿಷ್ಠ ಇಷ್ಟಾದರೂ ಕಟ್ಟಲೇಬೇಕು ಅಂತ ಬಿಲ್ಲಿನಲ್ಲಿ ಬರೆದಿರುವ ಚಿಕ್ಕ ಮೊತ್ತ) ಕಟ್ಟಿ, 'ಪಾವತಿ ಸ್ವೀಕರಿಸಲಾಗಿದೆ' ಅನ್ನುವ ಮೆಸೇಜು ಬರುವವರೆಗೆ ಕಾದು ಏಳುತ್ತಿದ್ದೆ. ವಸೂಲಿಯವರ ಫೋನು ಅಂದರೆ ಹೇಗಿರುತ್ತದೆ ಅಂತಲೇ ನನಗೆ ಗೊತ್ತಿಲ್ಲ. ಬ್ಯಾಂಕಿನಿಂದ ಫೋನು ಬಂದರೆ ಅದು ಹೊಗಳುವುದಕ್ಕೆ: 'ಸರ್, ನಿಮ್ಮ ರೆಕಾರ್ಡು ತುಂಬಾ ಚೆನ್ನಾಗಿದೆ, ಲಿಮಿಟ್ ಜಾಸ್ತಿ ಮಾಡೋಣ್ವಾ?' ನಾನು ಹೂಂ ಅನ್ನುತ್ತಿದ್ದೆ. ಸಂಬಳ ಜಾಸ್ತಿ ಆದಷ್ಟೇ ಖುಷಿ ಆಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳುತ್ತಾರಲ್ಲ, ನಾನು ಹಾಸಿಗೆಯನ್ನೇ ಉದ್ದ ಮಾಡಿಸಿಕೊಳ್ಳುತ್ತಾ ಹೋದೆ.

ಸಾಲಗಾರ ಅಂದರೆ ಬಾಗಿಲು ತಟ್ಟಿಸಿಕೊಳ್ಳುವವನು, ಮುಖ ಮರೆಸಿಕೊಂಡು ಓಡಾಡುವವನು ಅಂತ ನನ್ನ ತಲೆಯಲ್ಲಿತ್ತು. ನನ್ನ ಬಾಗಿಲು ಯಾರೂ ತಟ್ಟಿರಲಿಲ್ಲ. ಹಾಗಾಗಿ ನಾನು ಸಾಲಗಾರ ಅಲ್ಲ. ನಾನು ಕಾರ್ಡು ಬಳಸುವವನು, ಅಷ್ಟೇ. ಇದನ್ನು ಹೀಗೆ ಬಿಡಿಸಿ ಯೋಚಿಸಿದ್ದೆ ಅಂತಲ್ಲ. ಯೋಚಿಸದೇ ಇರುವುದಕ್ಕೆ ಇದು ಸಾಕಾಗಿತ್ತು.

ಈ ಮಿನಿಮಮ್ ಅನ್ನುವುದು ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿ ಓದಿದೆ. 1950ರಲ್ಲಿ ಅಮೆರಿಕದಲ್ಲಿ ಶುರುವಾದ ಡೈನರ್ಸ್ ಕ್ಲಬ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಳ್ಳುವ ಮಾತೇ ಇರಲಿಲ್ಲ, ತಿಂಗಳಿಗೊಮ್ಮೆ ಪೂರ್ತಿ ಕಟ್ಟಬೇಕು. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನಲ್ಲಿ ಸುಮಾರು 60,000 ಜನರಿಗೆ, ಯಾರೂ ಕೇಳದೇ ಇದ್ದರೂ, ಅಂಚೆಯಲ್ಲಿ ಕಾರ್ಡು ಕಳಿಸಿತು. ಅದೇ ಮುಂದೆ 1976ರಲ್ಲಿ ವೀಸಾ ಆಯಿತು. ಆ ಕಾರ್ಡಿನಲ್ಲಿ ಸ್ವಲ್ಪ ಕಟ್ಟಿ ಉಳಿದದ್ದನ್ನು ಬಡ್ಡಿ ಸಮೇತ ಮುಂದಕ್ಕೆ ತಳ್ಳಬಹುದಿತ್ತು. ನಾನು ಸಿಕ್ಕಿಬಿದ್ದದ್ದು ಈ ತಳ್ಳುವ ಸವಲತ್ತಿನಲ್ಲೇ. ಇನ್ನೊಂದು ಓದಿದ್ದು ನೇರವಾಗಿ ನನ್ನ ಕೆನ್ನೆಗೇ ಬಾರಿಸಿತು. ವಾರ್ವಿಕ್ ವಿಶ್ವವಿದ್ಯಾಲಯದ ನೀಲ್ ಸ್ಟುವರ್ಟ್ ಎಂಬ ಮನಃಶಾಸ್ತ್ರಜ್ಞ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವದು. ಕಲ್ಪಿತ ಬಿಲ್ಲು ತೋರಿಸಿ ಎಷ್ಟು ಕಟ್ಟುತ್ತೀರಿ ಅಂತ ಕೇಳಿದಾಗ, ಮಿನಿಮಮ್ ಎಷ್ಟು ಅಂತ ಬರೆದಿದ್ದ ಬಿಲ್ಲು ನೋಡಿದವರಲ್ಲಿ ಪೂರ್ತಿ ಕಟ್ಟಲಾಗದವರು, ಅದನ್ನು ಬರೆಯದ ಬಿಲ್ಲು ನೋಡಿದವರಿಗಿಂತ ಕಡಿಮೆ ಕಟ್ಟುತ್ತೇವೆ ಅಂದರಂತೆ. ಆ ಚಿಕ್ಕ ಸಂಖ್ಯೆ ಕಣ್ಣಿಗೆ ಬಿದ್ದರೆ ಮನಸ್ಸು ಅಲ್ಲೇ ಲಂಗರು ಹಾಕುತ್ತದೆ. ನನ್ನದಂತೂ ಹಾಕಿತ್ತು. ಒಟ್ಟು ಬಾಕಿ ಅನ್ನುವ ಸಾಲನ್ನು ನಾನು ವರ್ಷಗಟ್ಟಲೆ ಓದಿಯೇ ಇರಲಿಲ್ಲ.

ಸಿಕ್ಕಿಬಿದ್ದ ಬಗೆ

ಕೆಟ್ಟ ಚಟ ಇರಲಿಲ್ಲ. ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಒಂದು ಫ್ರಿಜ್ಜು, ಒಂದು ಮದುವೆಗೆ ಹೋಗಿಬಂದ ಖರ್ಚು, ಎರಡು ಸಲ ಆಸ್ಪತ್ರೆ, ಮಕ್ಕಳ ಫೀಸು, ಪಾಯಿಂಟ್ ಬರುತ್ತದೆ ಅಂತ ಸುಮ್ನೆ ಕಾರ್ಡಿನಲ್ಲೇ ಮಾಡಿದ ದಿನಸಿ. ಪಾಯಿಂಟಿನ ಬಗ್ಗೆ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನೂರಕ್ಕೆ ಒಂದು ವಾಪಸ್ಸು ಸಿಗುತ್ತದೆ ಅಂತ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಬೀಳುವ ಕಾರ್ಡನ್ನು ಉಜ್ಜುತ್ತಿದ್ದವನು ನಾನು.

ಬಾಕಿ ಉಳಿಸಿಕೊಂಡವರಿಗೆ ಒಂದು ಸಂಗತಿ ಬಹಳ ತಡವಾಗಿ ತಿಳಿಯುತ್ತದೆ. ಪೂರ್ತಿ ಬಿಲ್ಲು ಕಟ್ಟುವವರಿಗೆ ಖರೀದಿಯ ದಿನದಿಂದ ಡ್ಯೂ ಡೇಟ್‌ವರೆಗೆ ಬಡ್ಡಿ ಇಲ್ಲ. ಆದರೆ ಒಂದು ತಿಂಗಳು ಸ್ವಲ್ಪ ಬಾಕಿ ಉಳಿಸಿದರೂ ಆ ಸವಲತ್ತು ಸಾಮಾನ್ಯವಾಗಿ ಹೋಗಿಬಿಡುತ್ತದೆ. ಆಮೇಲೆ ಇವತ್ತು ಬೆಳಗ್ಗೆ ಏನು ಕೊಂಡರೂ ಇವತ್ತಿನಿಂದಲೇ ಬಡ್ಡಿ. ಅಂದರೆ ಹಳೆಯ ಸಾಲಕ್ಕೆ ಮಾತ್ರವಲ್ಲ, ನನ್ನ ದಿನಸಿಗೂ ನಾನು ಬಡ್ಡಿ ಕಟ್ಟುತ್ತಿದ್ದೆ. ಇನ್ನು ಕಾರ್ಡಿನಿಂದ ನಗದು ತೆಗೆದರೆ ಕೇಳಲೇಬೇಡಿ. ಅದಕ್ಕೆ ಶುಲ್ಕ ಬೇರೆ, ಬಡ್ಡಿ ಮೊದಲ ದಿನದಿಂದ.

ಎಲ್ಲವನ್ನೂ ಬರೆದು ನೋಡಿದ ದಿನ ಲೆಕ್ಕ ಹೀಗಿತ್ತು. ದೊಡ್ಡ ಕಾರ್ಡಿನಲ್ಲಿ 210, ತಿಂಗಳಿಗೆ ಶೇಕಡಾ 3.5 ಬಡ್ಡಿ. ನಡುವಿನದರಲ್ಲಿ 120, ಶೇಕಡಾ 3. ಚಿಕ್ಕದರಲ್ಲಿ 45, ಶೇಕಡಾ 2.5. ಒಟ್ಟು 375. ತಿಂಗಳ ಬಡ್ಡಿ ಮಾತ್ರವೇ 12ಕ್ಕೆ ಸ್ವಲ್ಪ ಮೇಲೆ. ಮೂರಕ್ಕೂ ಮಿನಿಮಮ್ ಶೇಕಡಾ 5, ಅಂದರೆ ಹತ್ತಿರ ಹತ್ತಿರ 19. ನಾನು 19 ಕಟ್ಟಿದರೆ 12 ಬಡ್ಡಿಗೆ ಹೋಗಿ ಅಸಲು ಕರಗುವುದು 7ಕ್ಕಿಂತ ಕಡಿಮೆ. ಅದೇ ತಿಂಗಳು ತಿರುಗಿ 10ರಷ್ಟು ಉಜ್ಜುತ್ತಿದ್ದೆ. ಕೊಡದ ತಳದಲ್ಲಿ ತೂತು, ಮೇಲಿಂದ ನಾನು ಶ್ರದ್ಧೆಯಿಂದ, ಒಂದು ದಿನವೂ ತಪ್ಪದೆ ನೀರು ಹೊಯ್ಯುತ್ತಿದ್ದೆ.

ಶೇಕಡಾ 3.5 ಅಂದರೆ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಹನ್ನೆರಡರಿಂದ ಗುಣಿಸಿದರೆ 42. ಬಡ್ಡಿಯ ಮೇಲೆ ಬಡ್ಡಿ ಹಿಡಿದರೆ ವರ್ಷಕ್ಕೆ 51. ಇನ್ನು ಒಂದು ಪೈಸೆಯೂ ಹೊಸದಾಗಿ ಉಜ್ಜದೆ ಬರೀ ಮಿನಿಮಮ್ ಕಟ್ಟಿಕೊಂಡು ಹೋಗಿದ್ದರೆ ಏನಾಗುತ್ತಿತ್ತು ಅಂತಲೂ ನೋಡಿದೆ. ಸಾಲ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಮೂರು ವರ್ಷ. ಆ ಅರ್ಧದ ಅರ್ಧಕ್ಕೆ ಇನ್ನೂ ಮೂರು ವರ್ಷ. ಯಾಕೆಂದರೆ ಬಾಕಿ ಇಳಿದಂತೆ ಮಿನಿಮಮ್ಮೂ ಇಳಿಯುತ್ತದೆ, ನಾವು ನಡೆದಷ್ಟೂ ಗುರಿ ನಿಧಾನವಾಗಿ ಹಿಂದೆ ಸರಿಯುತ್ತಿರುತ್ತದೆ. ಅಮೆರಿಕದಲ್ಲಿ 2009ರ ಕಾರ್ಡ್ ಕಾಯ್ದೆಯ ಪ್ರಕಾರ, ಬರೀ ಮಿನಿಮಮ್ ಕಟ್ಟಿದರೆ ತೀರಲು ಎಷ್ಟು ಕಾಲ ಹಿಡಿಯುತ್ತದೆ ಅಂತ ಬಿಲ್ಲಿನಲ್ಲೇ ಅಚ್ಚು ಹಾಕಬೇಕು. ನನ್ನ ಬಿಲ್ಲಿನಲ್ಲಿ ಅಂಥದ್ದು ಇದ್ದಿದ್ದರೆ ನಾನು ಓದುತ್ತಿದ್ದೆನಾ ಅನ್ನುವುದು ಬೇರೆ ಪ್ರಶ್ನೆ.

ಬೋನಸ್ ಬಂದ ವರ್ಷ

ಮೊದಲ ಪ್ರಯತ್ನದ ಕಥೆ ಇದು. ಪ್ರಕರಣದ ಮುಖ್ಯ ಭಾಗ ಇದೇ ಅಂತ ನನ್ನ ಅಭಿಪ್ರಾಯ.

ಆ ವರ್ಷ 110 ಬೋನಸ್ ಬಂತು. ಆಗ ನಡುವಿನ ಕಾರ್ಡಿನಲ್ಲಿ ಇದ್ದದ್ದೂ ಅಷ್ಟೇ. ಹೆಂಡತಿಗೆ ಬೋನಸ್ ಬಂದದ್ದೇ ಹೇಳದೆ ಪೂರ್ತಿ ತೆಗೆದು ಕಾರ್ಡಿಗೆ ಸುರಿದೆ. ಬಾಕಿ ಸೊನ್ನೆ. ಆ ಸೊನ್ನೆಯ ಚಿತ್ರವನ್ನು ಫೋನಿನಲ್ಲಿ ಸೇವ್ ಮಾಡಿ ಇಟ್ಟುಕೊಂಡಿದ್ದೆ, ಅಷ್ಟು ಹೆಮ್ಮೆ.

ಎರಡು ವಾರಕ್ಕೆ ಗಾಡಿ ಕೆಟ್ಟಿತು. ಕೈಯಲ್ಲಿ ನಗದು ಇಲ್ಲ, ಕಾರ್ಡು ಮಾತ್ರ ಖಾಲಿ ಇದೆ. ಉಜ್ಜಿದೆ. ಮುಂದಿನ ತಿಂಗಳು ಮಗನಿಗೆ ಜ್ವರ ಬಂದು ಮೂರು ದಿನ ಆಸ್ಪತ್ರೆ. ಉಜ್ಜಿದೆ. ಅದರ ಮುಂದಿನ ತಿಂಗಳು ದೊಡ್ಡ ಕಾರ್ಡಿನಿಂದ ನಗದು ತೆಗೆದು ಬಾಡಿಗೆ ಕಟ್ಟಿದೆ. ಐದೇ ತಿಂಗಳಿಗೆ ನಡುವಿನ ಕಾರ್ಡು ಮತ್ತೆ ಮೊದಲಿದ್ದಲ್ಲಿಗೇ ಬಂತು. ಒಂದು ತಿಂಗಳಂತೂ ಮಿನಿಮಮ್ಮಿಗೂ ದುಡ್ಡು ಸಾಲದೆ ಅಣ್ಣನ ಹತ್ತಿರ 20 ಇಸಿದುಕೊಂಡು ಡ್ಯೂ ಡೇಟಿನ ಒಳಗೆ ಕಟ್ಟಿದೆ. ನನ್ನ ರೆಕಾರ್ಡು ಚೆನ್ನಾಗಿಯೇ ಉಳಿಯಿತು.

ಅವತ್ತು ನಾನು ಹಣೆಬರಹ ಅಂದುಕೊಂಡೆ. ಈಗ ನೋಡಿದರೆ ಅದರಲ್ಲಿ ಹಣೆಬರಹದ ಪಾತ್ರ ಏನೂ ಇಲ್ಲ. ಗಾಡಿ ಕೆಡುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ. ಇದ್ದಬದ್ದ ದುಡ್ಡನ್ನೆಲ್ಲಾ ಸಾಲಕ್ಕೆ ಸುರಿದು ಕೈ ಖಾಲಿ ಮಾಡಿಕೊಂಡವನಿಗೆ ಮುಂದಿನ ಕಷ್ಟಕ್ಕೆ ಕಾರ್ಡು ಬಿಟ್ಟರೆ ಬೇರೆ ಗತಿ ಇರುವುದಿಲ್ಲ. ನಾನು ಬಾಕಿಯನ್ನು ಅಳಿಸಿದ್ದೆ. ಕಾರ್ಡು ಇಲ್ಲದೆ ಒಂದು ತಿಂಗಳು ಬದುಕುವುದು ಹೇಗೆ ಅಂತ ಕಲಿತಿರಲಿಲ್ಲ.

ಸತ್ಯ ಕೂಡ ಕಂತಿನಲ್ಲಿ

ಹೆಂಡತಿಗೆ ಗೊತ್ತಾದದ್ದು ಆಕಸ್ಮಿಕ. ಗಾಡಿಯ ವಿಮೆ ಕಟ್ಟಲು ನನ್ನ ಫೋನು ತೆಗೆದುಕೊಂಡಿದ್ದಳು. ಆಗಲೇ ದೊಡ್ಡ ಕಾರ್ಡಿನ ಬಿಲ್ಲಿನ ಮೆಸೇಜು ಬಂತು.

'ರೀ, ಇದು ಬಾಕಿನಾ, ಲಿಮಿಟ್ಟಾ?'

ಲಿಮಿಟ್ಟು ಅಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಯಾಕೋ ಬಾಕಿ ಅಂದೆ.

ಅವಳು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಇದೊಂದೇನಾ?' ಅಂದಳು. ಹೂಂ, ಇದೊಂದೇ ಅಂದೆ. ಎರಡು ದಿನ ಬಿಟ್ಟು ನಡುವಿನ ಕಾರ್ಡಿನ ಬಗ್ಗೆ ಹೇಳಿದೆ. ಚಿಕ್ಕದರ ಬಗ್ಗೆ ಹೇಳಿದ್ದು ಅದಾದ ಮೇಲೆ ಒಂದು ವಾರಕ್ಕೆ, ಲೆಕ್ಕ ಬರೆಯಲು ಕೂತಾಗ, ಅದೂ ಬೇರೆ ದಾರಿ ಇಲ್ಲದೆ. ಸತ್ಯವನ್ನೂ ಮಿನಿಮಮ್ ಲೆಕ್ಕದಲ್ಲೇ ಕಟ್ಟಿದೆ ಅನ್ನಿ. ಇವತ್ತಿಗೂ ಅವಳಿಗೆ ಬೇಜಾರು ಇರುವುದು 375ರ ಬಗ್ಗೆ ಅಲ್ಲ, ಆ 'ಇದೊಂದೇ' ಬಗ್ಗೆ.

ನೋಟ್‌ಬುಕ್ಕಿನಲ್ಲಿ ನಾನು ಮೂರು ಕಾರ್ಡುಗಳನ್ನು ಡ್ಯೂ ಡೇಟಿನ ಕ್ರಮದಲ್ಲಿ ಬರೆದೆ. ಅವಳು ನೋಡಿ, ಪುಟ ತಿರುಗಿಸಿ, ಬಡ್ಡಿಯ ಕ್ರಮದಲ್ಲಿ ಬರೆದಳು. ಯಾವುದು ಮೊದಲು ಕೇಳುತ್ತದೆ ಅಂತ ನಾನು ನೋಡುತ್ತಿದ್ದೆ, ಯಾವುದು ಜಾಸ್ತಿ ತಿನ್ನುತ್ತದೆ ಅಂತ ಅವಳು ನೋಡಿದಳು. ಅವಳು ಲೆಕ್ಕದಲ್ಲಿ ನನಗಿಂತ ಹುಷಾರು ಅಂತ ಮದುವೆಯಾಗಿ ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಇದು ನನಗೆ ಮರ್ಯಾದೆ ತರುವ ವಿಷಯವೇನಲ್ಲ.

ಬ್ರಿಟನ್ನಿನ ಹಣಕಾಸು ನಿಯಂತ್ರಕರು 2018ರಲ್ಲಿ ತಂದ ನಿಯಮವೊಂದರಲ್ಲಿ 'ಬಿಡದ ಸಾಲ' ಅನ್ನುವುದಕ್ಕೆ ಒಂದು ಅಳತೆ ಇದೆ. 18 ತಿಂಗಳಲ್ಲಿ ನೀವು ತೀರಿಸಿದ ಅಸಲಿಗಿಂತ ಕಟ್ಟಿದ ಬಡ್ಡಿ ಮತ್ತು ಶುಲ್ಕವೇ ಜಾಸ್ತಿ ಇದ್ದರೆ ನೀವು ಆ ಗುಂಪಿಗೆ ಸೇರುತ್ತೀರಿ. ನಮ್ಮ ದೇಶ ಯಾವುದೇ ಇರಲಿ, ಹಳೆಯ ಬಿಲ್ಲು ಇಟ್ಟುಕೊಂಡು ಯಾರು ಬೇಕಾದರೂ ಈ ಲೆಕ್ಕ ಹಾಕಬಹುದು. ನಾವೂ ಹಾಕಿದೆವು. ಪ್ರತಿ 19ರಲ್ಲಿ 12 ಬಡ್ಡಿ. ಕಣ್ಣು ಮುಚ್ಚಿಕೊಂಡು ಆ ಗುಂಪಿಗೆ ಸೇರಿಸಬಹುದು.

ಮೊದಲು ಗಾಡಿ ಹೋಯಿತು

ಎರಡನೇ ಗಾಡಿಯನ್ನು ಮಾರಿದೆವು. 29 ಬಂತು. ಇಲ್ಲಿ ನಮ್ಮಿಬ್ಬರಿಗೆ ದೊಡ್ಡ ಜಗಳ. ನಾನು ಪೂರ್ತಿ ಕಾರ್ಡಿಗೆ ಹಾಕೋಣ ಅಂದೆ. ಅವಳು ಬೇಡ, 25 ಬೇರೆ ಖಾತೆಯಲ್ಲಿ ಇಡೋಣ ಅಂದಳು. 'ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ ಓಡ್ತಿರುವಾಗ ದುಡ್ಡು ಸುಮ್ನೆ ಇಟ್ಟುಕೊಳ್ಳೋದು ಯಾವ ಬುದ್ಧಿವಂತಿಕೆ ಕಣೇ?' ಅಂತ ನಾನು. ಲೆಕ್ಕದ ಪ್ರಕಾರ ನಾನೇ ಸರಿ. ಆ 25ನ್ನು ಇಟ್ಟುಕೊಂಡದ್ದಕ್ಕೆ ತಿಂಗಳಿಗೆ 0.75 ದಂಡ. ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಬೋನಸ್ ಎಲ್ಲಿ ಹೋಯ್ತು ರೀ?' ನಾನು ಬಾಯಿ ಮುಚ್ಚಿದೆ. ಬೋನಸ್ಸಿನ ವಿಷಯವೂ ಅಷ್ಟರಲ್ಲಿ ಹೊರಗೆ ಬಂದಿತ್ತು.

ಆಮೇಲೆ ಬ್ಯಾಂಕು. ಮೊದಲ ಸಲ ಫೋನು ಮಾಡಿ 'ಬಡ್ಡಿ ಕಡಿಮೆ ಮಾಡಿ' ಅಂದೆ. ಆಗುವುದಿಲ್ಲ ಅಂದರು, ಬಹಳ ವಿನಯದಿಂದ. ಒಂದು ವಾರ ಬಿಟ್ಟು ಬೇರೆ ಥರ ಕೇಳಿದೆ: 'ಪೂರ್ತಿ ಬಾಕಿಯನ್ನು ಕಂತಿಗೆ ಬದಲಾಯಿಸಬಹುದಾ?' ತಕ್ಷಣ ಆಯಿತು. ದೊಡ್ಡ ಕಾರ್ಡಿನ 210ನ್ನು 24 ತಿಂಗಳ ಕಂತು ಮಾಡಿದರು, ತಿಂಗಳಿಗೆ ಶೇಕಡಾ 1.5 ಬಡ್ಡಿ, ಕಂತು 10.5. ಶುರುವಿನ ಶುಲ್ಕ 4.2, ಅದು ಹೆಚ್ಚುಕಡಿಮೆ ಪೂರ್ತಿ ಗಾಡಿ ದುಡ್ಡಿನಲ್ಲಿ ಉಳಿದ 4ರಿಂದ ಹೋಯಿತು. ಶೇಕಡಾ 3.5 ಇದ್ದದ್ದು ಒಂದೇ ಫೋನಿನಲ್ಲಿ 1.5 ಆಯಿತು. ಇಷ್ಟು ವರ್ಷ ಇದು ಅಲ್ಲೇ ಇತ್ತು, ನಾನು ಕೇಳಿರಲಿಲ್ಲ, ಅವರಾಗಿ ಹೇಳುವುದೂ ಇಲ್ಲ. ಒಂದು ಮಾತು: ಕಂತು ಮಾಡಿಸಿಕೊಂಡು ಆ ಕಾರ್ಡನ್ನು ಮತ್ತೆ ಉಜ್ಜಿದರೆ ಇದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿಲ್ಲ. ನಾವು ಅದನ್ನು ಕತ್ತರಿಸಿ ಬಿಸಾಕಿದೆವು.

ತಿಂಗಳಿಗೆ 30 ಸಾಲಕ್ಕೆ, 70ರಲ್ಲಿ ಸಂಸಾರ ಅಂತ ನಿರ್ಧಾರವಾಯಿತು. ಅದಕ್ಕೆ ಮುಂಚೆ ನಾವು 91 ಖರ್ಚು ಮಾಡುತ್ತಿದ್ದೆವು. 19 ಮಿನಿಮಮ್ ಕಟ್ಟಿ ಉಳಿದ 81, ಮೇಲೆ ಕಾರ್ಡಿನ 10. ಅಂದರೆ ಒಂದೇ ಸಲಕ್ಕೆ 21 ಕಡಿತ. ಗಾಡಿ ಹೋದದ್ದರಿಂದ ಅದರ ಖರ್ಚು 5 ಉಳಿಯಿತು. ಕಾರ್ಡಿಗೆ ಕಟ್ಟಿಹಾಕಿದ್ದ ತಿಂಗಳ ಚಂದಾಗಳನ್ನು ಹುಡುಕಿದರೆ ಏಳು ಸಿಕ್ಕವು. ಅದರಲ್ಲಿ ಎರಡನ್ನು ಯಾರು ಯಾವಾಗ ಶುರು ಮಾಡಿದ್ದು ಅಂತ ಇಬ್ಬರಿಗೂ ನೆನಪಿಲ್ಲ. ಅಲ್ಲಿ 3. ಉಳಿದ 13 ಹೇಗೆ ಬಂತು ಅಂತ ಬಿಡಿಸಿ ಹೇಳಿದರೆ ಬೋರಾಗುತ್ತದೆ. ಬಾಡಿಗೆ, ಫೀಸು, ಕರೆಂಟು ಇಂಥ ಕಟ್ಟಲೇಬೇಕಾದವು 46. ಉಳಿದ 24ನ್ನು ನಾಲ್ಕು ಭಾಗ ಮಾಡಿ ವಾರಕ್ಕೆ 6ರಂತೆ ನಗದು ತೆಗೆದು ಡಬ್ಬಿಯಲ್ಲಿ ಇಡುತ್ತಿದ್ದೆವು. ಡಬ್ಬಿ ಖಾಲಿ ಅಂದರೆ ಖಾಲಿ. ಮೊದಲ ತಿಂಗಳು ಮೂರು ವಾರವೂ ಶುಕ್ರವಾರಕ್ಕೇ ಖಾಲಿಯಾಯಿತು. ನೋಟನ್ನು ಕೈಯಿಂದ ಎಣಿಸಿ ಕೊಡುವಾಗ ಆಗುವ ಸಂಕಟ ಕಾರ್ಡು ಕೊಡುವಾಗ ಆಗುವುದಿಲ್ಲ. ಆ ಸಂಕಟವೇ ನಮಗೆ ಬೇಕಾಗಿದ್ದದ್ದು.

ಚಿಕ್ಕದು ಮೊದಲಾ, ಬಡ್ಡಿ ಜಾಸ್ತಿ ಇರುವುದು ಮೊದಲಾ

30ರಲ್ಲಿ ಕಂತು ಹೋಗಿ ಉಳಿದದ್ದು 19.5. ನಡುವಿನ ಕಾರ್ಡು 120, ಚಿಕ್ಕದು 45. ಹೆಚ್ಚುವರಿ ದುಡ್ಡು ಯಾವುದಕ್ಕೆ?

ಬಡ್ಡಿ ಜಾಸ್ತಿ ಇರುವುದಕ್ಕೆ ಅಂತ ಗಣಿತ ಹೇಳುತ್ತದೆ. ಹೆಂಡತಿಯೂ ಹಾಗೇ ಬರೆದಿದ್ದಳು. ಈ ಸಲ ನಾನು ಹಟ ಹಿಡಿದೆ, ಚಿಕ್ಕದು ಮೊದಲು ಹೋಗಲಿ ಅಂತ. ಅವಳು ಎರಡೂ ರೀತಿ ಕೂತು ಲೆಕ್ಕ ಹಾಕಿದಳು. ವ್ಯತ್ಯಾಸ ಒಟ್ಟು ಸುಮಾರು 1. ಸಂಬಳದ ನೂರರಲ್ಲಿ ಒಂದು ಪಾಲು. ಬಡ್ಡಿ ದರಗಳು ಹತ್ತಿರ ಹತ್ತಿರ ಇದ್ದವು, ಸಾಲವೂ ಒಂದು ವರ್ಷದ ಒಳಗೆ ತೀರುವಂಥದ್ದು, ಹಾಗಾಗಿ. ದರಗಳಲ್ಲಿ ಅಂತರ ಜಾಸ್ತಿ ಇದ್ದಿದ್ದರೆ ನನ್ನ ಹಟಕ್ಕೆ ಬೆಲೆ ದುಬಾರಿ ಆಗುತ್ತಿತ್ತು. 'ಒಂದಕ್ಕೆ ನಿಮ್ಮ ಸಮಾಧಾನ ಸಿಗೋದಾದ್ರೆ ಆಗಲಿ ಬಿಡಿ' ಅಂದಳು. ಇದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುವುದನ್ನು ನೋಡಿದ್ದೇನೆ. ಎರಡೂ ಕಡೆಯವರು ತಮ್ಮ ಸಂಖ್ಯೆ ಹಾಕಿ ನೋಡಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. 2012ರಲ್ಲಿ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊತ್ತ ಎಷ್ಟೇ ಇರಲಿ, ಸಾಲದ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದವರು ಕೊನೆಮುಟ್ಟುವ ಸಾಧ್ಯತೆ ಜಾಸ್ತಿ ಅಂತ ಕಂಡುಬಂದಿತ್ತು. ಅದನ್ನು ನಾನು ಆಮೇಲೆ ಓದಿ ಅವಳಿಗೆ ತೋರಿಸಿದೆ. ಅವಳಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲ.

ನಾಲ್ಕನೇ ತಿಂಗಳಿಗೆ ಚಿಕ್ಕದು ಸೊನ್ನೆ.

ಐದನೇ ತಿಂಗಳು ಅವಳಿಗೆ ಹಲ್ಲು ನೋವು ಶುರುವಾಯಿತು, ರೂಟ್ ಕೆನಾಲ್, 20. ಅದೇ ಹಳೆಯ ಕಥೆ ಅಂತ ನನಗೆ ಕೈ ಕಾಲು ತಣ್ಣಗಾದವು. ಪರ್ಸಿನಲ್ಲಿ ಚಿಕ್ಕ ಕಾರ್ಡು ಇನ್ನೂ ಇತ್ತು, ಪೂರ್ತಿ ಖಾಲಿ. ಡಾಕ್ಟರ ಕೌಂಟರಿನಲ್ಲಿ ಕೈ ಅದರ ಮೇಲೇ ಹೋಯಿತು, ಸುಳ್ಳು ಯಾಕೆ ಹೇಳಲಿ. ಅವಳು ದವಡೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಬೇರೆ ಖಾತೆಯ 25ರಿಂದ ಕಟ್ಟಿದೆ. ಆ ತಿಂಗಳು ನಡುವಿನ ಕಾರ್ಡಿಗೆ 6 ಮಾತ್ರ ಕಟ್ಟಿ, ಉಳಿದ 13.5ನ್ನು ಆ ಖಾತೆಗೇ ತುಂಬಿದೆವು. ಆ ತಿಂಗಳೂ ಸಾಲ ಇಳಿಯಿತು, ಸ್ವಲ್ಪವೇ ಆದರೂ.

ಬೋನಸ್ ವರ್ಷಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಇಷ್ಟೇ. ಕಷ್ಟ ಎರಡು ಸಲವೂ ಬಂತು.

ಆರರಿಂದ ಹತ್ತನೇ ತಿಂಗಳವರೆಗೆ ಹೇಳುವಂಥದ್ದು ಏನೂ ಆಗಲಿಲ್ಲ. ತಿಂಗಳಿಗೆ 19.5, ನೋಟ್‌ಬುಕ್ಕಿನಲ್ಲಿ 84, 67, 50, 32, 13. ಮೊದಲು ನಿಧಾನ, ಆಮೇಲೆ ಸರಸರ. ಬಾಕಿ ಕಡಿಮೆಯಾದಂತೆ ಬಡ್ಡಿಯ ಬಾಯಿಗೆ ಹೋಗುವುದು ಕಡಿಮೆ, ಅದೇ 19.5 ಜಾಸ್ತಿ ಕೆಲಸ ಮಾಡುತ್ತದೆ. ಬೇಸರದ ತಿಂಗಳುಗಳು. ಸ್ನೇಹಿತರು ಕರೆದ ಎರಡು ಪ್ರವಾಸಕ್ಕೆ ಹೋಗಲಿಲ್ಲ, ಒಂದಕ್ಕೆ ಸುಳ್ಳು ಕಾರಣ ಹೇಳಿದೆ, ಇನ್ನೊಂದಕ್ಕೆ ನಿಜ ಹೇಳಿದೆ. ನಿಜ ಹೇಳಿದಾಗ ಅವನು ಸ್ವಲ್ಪ ಹೊತ್ತು ಬಿಟ್ಟು ತನ್ನ ಬಾಕಿಯನ್ನೂ ಹೇಳಿದ. ನನ್ನದಕ್ಕಿಂತ ಜಾಸ್ತಿ ಇತ್ತು.

ಸೊನ್ನೆಯ ಮೇಲೊಂದು ಚೂರು

ಹನ್ನೊಂದನೇ ತಿಂಗಳು ನಡುವಿನ ಕಾರ್ಡಿನ ಬಿಲ್ಲಿನಲ್ಲಿದ್ದದ್ದನ್ನು ಪೂರ್ತಿ ಕಟ್ಟಿದೆ. ಮುಗಿಯಿತು ಅಂದುಕೊಂಡೆ. ಮುಂದಿನ ತಿಂಗಳು ಮತ್ತೆ ಬಿಲ್ಲು ಬಂತು, 0.2. ಸಂಬಳದ ಐನೂರರಲ್ಲಿ ಒಂದು ಪಾಲು.

ತಪ್ಪು ಬಿಲ್ಲು ಅಂತ ಬಿಟ್ಟುಬಿಡುವವನಿದ್ದೆ. ಫೋನು ಮಾಡಿ ಕೇಳಿದಾಗ ಗೊತ್ತಾಯಿತು. ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ. ಬಿಲ್ಲು ತಯಾರಾದ ದಿನಕ್ಕೂ ನಾನು ಕಟ್ಟಿದ ದಿನಕ್ಕೂ ನಡುವೆ ಇದ್ದ ಎರಡು ವಾರದ ಬಡ್ಡಿ ಆ ಬಿಲ್ಲಿನಲ್ಲಿ ಇರುವುದಿಲ್ಲ, ಮುಂದಿನದರಲ್ಲಿ ಬರುತ್ತದೆ. ಈ ಚೂರನ್ನು ಕಟ್ಟದೆ ಬಿಟ್ಟರೆ ಅದರ ಮೇಲೆ ತಡವಾದ ಶುಲ್ಕ ಬೀಳಬಹುದು, ಸಾಲ ತೀರಿಸಿದ ಖುಷಿಯಲ್ಲಿರುವವನ ರೆಕಾರ್ಡಿಗೆ ಕಪ್ಪು ಚುಕ್ಕೆಯೂ ಬೀಳಬಹುದು. ಇಷ್ಟು ವರ್ಷ ತಡ ಮಾಡದವನು ಕೊನೆಯ 0.2ಕ್ಕೆ ಎಡವುವುದರಲ್ಲಿದ್ದೆ. ಬಾಕಿ ಉಳಿಸಿಕೊಂಡು ಬಂದ ಕಾರ್ಡನ್ನು ಮುಗಿಸುವವರು ಬಿಲ್ಲು ನೋಡಿ ಕಟ್ಟಬೇಡಿ. ಫೋನು ಮಾಡಿ 'ಇವತ್ತು ಕಟ್ಟಿದರೆ ಪೂರ್ತಿ ಮುಗಿಸಲು ಎಷ್ಟು' ಅಂತ ಕೇಳಿ. ಆಮೇಲೂ ಇನ್ನೆರಡು ತಿಂಗಳು ಬಿಲ್ಲು ಬರುತ್ತದಾ ಅಂತ ನೋಡುತ್ತಿರಿ.

ಹನ್ನೆರಡು, ಹದಿಮೂರನೇ ತಿಂಗಳ ಹೆಚ್ಚುವರಿ ದುಡ್ಡನ್ನು ಬೇರೆ ಖಾತೆಗೆ ಹಾಕಿ ಅದನ್ನು 63ಕ್ಕೆ ಏರಿಸಿದೆವು. ಆಮೇಲಿನ ನಾಲ್ಕು ತಿಂಗಳ ಹೆಚ್ಚುವರಿ ದುಡ್ಡೇ, ಆ 63 ಬಿಟ್ಟು, 78 ಆಯಿತು. ಹದಿನೇಳನೇ ಕಂತು ಕಟ್ಟಿದ ಮೇಲೆ ದೊಡ್ಡ ಕಾರ್ಡಿನ ಕಂತುಸಾಲದಲ್ಲಿ ಉಳಿದದ್ದು 69. ಅವಧಿಗೆ ಮುಂಚೆ ಮುಗಿಸುವುದಕ್ಕೆ ಶೇಕಡಾ 3 ಶುಲ್ಕ, ಅದೊಂದು 2. ಮುಗಿಸಿದರೆ ಉಳಿಯುವ ಬಡ್ಡಿ 4. ಅಂದರೆ ನಿಜವಾದ ಲಾಭ 2 ಅಷ್ಟೇ. ಇನ್ನು ಏಳು ತಿಂಗಳು ಕಂತು ಕಟ್ಟಿಕೊಂಡು ಹೋಗಿದ್ದರೂ ನಷ್ಟವೇನಿರಲಿಲ್ಲ. ಆದರೂ ಮುಗಿಸಿದೆವು. ಇದನ್ನು ಲೆಕ್ಕದಿಂದ ಸಮರ್ಥಿಸುವುದಿಲ್ಲ. ಸಾಕಾಗಿತ್ತು. ಖಾತೆ ಮುಚ್ಚಿದ ಪತ್ರವನ್ನು ಕೇಳಿ ತರಿಸಿಕೊಂಡು ಫೈಲಿನಲ್ಲಿ ಇಟ್ಟೆವು.

ಒಟ್ಟು ಕಟ್ಟಿದ್ದು 449ರ ಹತ್ತಿರ. 375ರ ಸಾಲಕ್ಕೆ 74 ಮೇಲೆ. ಮುಕ್ಕಾಲು ತಿಂಗಳ ಸಂಬಳ, ಅದೂ ಕೊನೆಯ 17 ತಿಂಗಳದ್ದು ಮಾತ್ರ. ಅದಕ್ಕೂ ಮುಂಚೆ ವರ್ಷಗಟ್ಟಲೆ ಕಟ್ಟಿದ ಬಡ್ಡಿಯನ್ನು ಕೂಡಿಸಲು ಹೋಗಿಲ್ಲ. ಅವಳು ಕೂಡಿಸುತ್ತೇನೆ ಅಂದಳು, ನಾನೇ ಬೇಡ ಅಂದೆ.

ನಮ್ಮ ಪ್ರಕರಣದಲ್ಲಿ ಎರಡು ಅನುಕೂಲ ಇದ್ದವು, ಅದನ್ನು ಹೇಳದೆ ಇದ್ದರೆ ಮೋಸ. ಸಂಬಳ ತಪ್ಪದೆ ಬರುತ್ತಿತ್ತು. ಮಾರಲು ಒಂದು ಗಾಡಿ ಇತ್ತು. ಕೆಲಸ ಹೋದವರಿಗೆ, ಮಿನಿಮಮ್ಮೂ ಕಟ್ಟಲಾಗದೆ ಹಿಂದೆ ಬಿದ್ದವರಿಗೆ ಈ ದಾರಿ ಹೊಂದುವುದಿಲ್ಲ. ಅವರು 'ಖರ್ಚು ಕಡಿಮೆ ಮಾಡಿ' ಅನ್ನುವ ನನ್ನಂಥವರ ಮಾತು ಕೇಳುವುದಕ್ಕಿಂತ ಮೊದಲು ಬ್ಯಾಂಕಿನವರ ಜೊತೆ ಕೂತು ಮಾತಾಡುವುದು ಒಳ್ಳೆಯದು, ಅದೂ ತಡ ಮಾಡದೆ.

ಹದಿನೆಂಟನೇ ತಿಂಗಳ ಸಂಬಳ ಬಂದ ದಿನ ಅಭ್ಯಾಸದಿಂದ ಫೋನು ಹಿಡಿದು ಕೂತೆ. ಕಟ್ಟುವುದಕ್ಕೆ ಏನೂ ಇರಲಿಲ್ಲ. ಖುಷಿ ಆಗಬೇಕಿತ್ತು, ಆಯಿತು ಕೂಡ, ಆದರೆ ಮೊದಲು ಆದದ್ದು ಗಾಬರಿ. ಏನೋ ಮರೆತಿದ್ದೇನೆ ಅನ್ನುವ ಹಾಗೆ. ಮೂರು ಅಲಾರಂಗಳನ್ನು ಒಂದೊಂದಾಗಿ ಅಳಿಸಿದೆ. ಚಿಕ್ಕ ಕಾರ್ಡನ್ನು ಲಿಮಿಟ್ ಇಳಿಸಿ ಇಟ್ಟುಕೊಂಡಿದ್ದೇವೆ, ಪೂರ್ತಿ ಬಿಲ್ಲು ತಾನಾಗಿ ಖಾತೆಯಿಂದ ಹೋಗುವ ಹಾಗೆ ಮಾಡಿ.

ಆಗ ನೆನಪಾಯಿತು, ಅಣ್ಣನ 20.

ನೋಟ್‌ಬುಕ್ಕಿನ ಯಾವ ಪುಟದಲ್ಲೂ ಅದು ಇರಲಿಲ್ಲ. ನಾನು ಡ್ಯೂ ಡೇಟಿನ ಕ್ರಮದಲ್ಲಿ ಬರೆದಿದ್ದೆ, ಅಣ್ಣ ಡ್ಯೂ ಡೇಟ್ ಹೇಳಿರಲಿಲ್ಲ. ಅವಳು ಬಡ್ಡಿಯ ಕ್ರಮದಲ್ಲಿ ಬರೆದಿದ್ದಳು, ಅಣ್ಣ ಬಡ್ಡಿ ಕೇಳಿರಲಿಲ್ಲ. ಅದಲ್ಲದೆ ಅವಳಿಗೆ ನಾನು ಅದನ್ನು ಹೇಳಿಯೇ ಇರಲಿಲ್ಲ. ಹೇಳಿದೆ. ಅವಳು ನೋಟ್‌ಬುಕ್ಕಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ.

ಆ ಭಾನುವಾರ ಇಬ್ಬರೂ ಅಣ್ಣನ ಮನೆಗೆ ಹೋದೆವು. ಕವರು ಕೊಟ್ಟರೆ ಅಣ್ಣ ಮುಟ್ಟಲೇ ಇಲ್ಲ. 'ಯಾವ ದುಡ್ಡೋ ಇದು? ನನಗೆ ನೆನಪೇ ಇಲ್ವಲ್ಲೋ' ಅಂದ.

ಅತ್ತಿಗೆ ಒಳಗಿನಿಂದಲೇ ತಾರೀಖಿನ ಸಮೇತ ಹೇಳಿದರು.